ಪ್ರಾರ್ಥಿಸುತ್ತಿದ್ದರೂ ಕುಡಿತದ ಹಂಬಲ ಹೋಗಿಲ್ಲ. ಮಾತ್ರೆ ಸೇವಿಸುವುದು ವಿಶ್ವಾಸದ ಕೊರತೆಯೇ?

ಪ್ರಶ್ನೆ: ವರ್ಕಾಡಿಯ ಓದುಗ

ಮಾನ್ಯ ಸದಸ್ಯರಿಗೆ ವಂದನೆಗಳು. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ವರ್ಕಾಡಿ ಕಡೆಯ ಕ್ಯಾಥೋಲಿಕ್ ಕುಟುಂಬದವನು. ಮನೆಮಾತು ಕೊಂಕಣಿಯಾದರೂ ಕಲಿತದ್ದೆಲ್ಲ ಕನ್ನಡ ಮಾಧ್ಯಮದಲ್ಲಾದುದರಿಂದ, ಇಂತಹ ವಿಷಯವನ್ನು ಬರೆದು ಕೇಳುವುದಕ್ಕೆ ನನಗೆ ಕನ್ನಡವೇ ಅನುಕೂಲ. ಗಲ್ಫಿನಿಂದ ಹಿಂತಿರುಗಿದ ಮೇಲೆ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಸಮಾರಂಭಗಳಿಗೆ ಸೀಮಿತವಾಗಿದ್ದ ಕುಡಿತವು ಊರಿಗೆ ಬಂದ ನಂತರ ಬೆಳೆಯುತ್ತ ಹೋಗಿ, ಬೆಳಗಿನ ಕೈನಡುಕ ನಿಲ್ಲಬೇಕಾದರೂ ಎರಡು ಗುಟುಕು ಬೇಕು ಎನ್ನುವಲ್ಲಿಗೆ ಮುಟ್ಟಿತ್ತು. ಈ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಆರಂಭವಾಗುವುದಕ್ಕೆ ಮೊದಲು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿ ಚಿಕಿತ್ಸೆ ಪಡೆದೆ. ಬಿಡುಗಡೆಯಾದ ಬಳಿಕ ಧ್ಯಾನಕೂಟವೊಂದರಲ್ಲಿ ಪಾಲ್ಗೊಂಡು, ಹಲವು ವರ್ಷಗಳ ನಂತರ ಪಾಪನಿವೇದನೆ ಮಾಡಿ ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ಅಪ್ಪ) ಸ್ವೀಕರಿಸಿದೆ. ಅಂದಿನಿಂದ ಕುಡಿದಿಲ್ಲ. ಸಂಜೆ ಮನೆಯವರೊಂದಿಗೆ ಕುಳಿತು ಜಪಮಾಲೆ ಹೇಳುತ್ತೇನೆ. ಇಷ್ಟರ ಮಟ್ಟಿಗೆ ದೇವರ ಕೃಪೆ ನನ್ನೊಂದಿಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಜಪಮಾಲೆ ಮುಗಿಸಿ ಎದ್ದ ಕೂಡಲೇ ಕುಡಿಯಬೇಕೆಂಬ ಹಂಬಲ ಕೆಲವು ದಿನ ಮೊದಲಿಗಿಂತಲೂ ಜೋರಾಗಿ ಬರುತ್ತದೆ. ಧ್ಯಾನಕೂಟದಲ್ಲಿ ಸಾಕ್ಷ್ಯ ನುಡಿದವರೆಲ್ಲ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಕ್ಷಣದಲ್ಲೇ ಆಸೆ ಬಿಟ್ಟುಹೋಯಿತೆಂದು ಹೇಳಿದ್ದರು. ನನಗೆ ಹಾಗಾಗಲಿಲ್ಲ. ವೈದ್ಯರು ಕೊಟ್ಟ ಮಾತ್ರೆಗಳನ್ನು ನಾನಿನ್ನೂ ಸೇವಿಸುತ್ತಿರುವುದು ತಿಳಿದ ಪ್ರಾರ್ಥನಾ ಬಳಗದ ಹಿರಿಯರೊಬ್ಬರು, ಮಾತ್ರೆಯನ್ನು ನಂಬುವವನು ಯೇಸುಸ್ವಾಮಿಯನ್ನು ಅರ್ಧ ಮಾತ್ರ ನಂಬಿದ ಹಾಗೆ ಎಂದರು. ಆ ಮಾತು ಮನಸ್ಸಿನಲ್ಲಿ ನಾಟಿ ಕುಳಿತಿದೆ. ಮಾತ್ರೆ ನಿಲ್ಲಿಸಿ ಪ್ರಾರ್ಥನೆಯೊಂದನ್ನೇ ಆಧರಿಸಬೇಕೇ? ಹಂಬಲ ಹೋಗದಿರುವುದು ನನ್ನ ವಿಶ್ವಾಸದ ಕೊರತೆಯೇ?

ಇದರ ಜೊತೆಗೆ, ಮುಂದಿನ ತಿಂಗಳು ಅಕ್ಕನ ಮಗಳ ಮದುವೆಯಿದೆ. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಸಮಾರಂಭಕ್ಕೆ ಸೋದರಮಾವನಾದ ನಾನು ಗೈರಾಗುವಂತಿಲ್ಲ. ನಮ್ಮ ಕಡೆಯ ರೋಸ್ ಎಂದರೆ ತೆಂಗಿನ ಹಾಲಿನಷ್ಟೇ ಮದ್ಯವೂ ಹರಿಯುವ ರಾತ್ರಿ ಎಂಬುದನ್ನು ಇಲ್ಲಿರುವ ಅನೇಕರು ಬಲ್ಲರು. ಮರುದಿನದ ಬಲಿಪೂಜೆಯಲ್ಲಿ ಮದುಮಕ್ಕಳ ಮನೆಯವರಿಗೆ ದ್ರಾಕ್ಷಾರಸದಲ್ಲಿ, ಅಂದರೆ ವೈನಿನಲ್ಲಿ, ಅದ್ದಿದ ಪರಮಪ್ರಸಾದವನ್ನು ಕೊಡುವ ರೂಢಿಯೂ ಇದೆ. ಏನು ಮಾಡಲಿ? ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ: ಶುಶ್ರೂಷಕಿ, ಉಪ್ಪಳ

ಸಹೋದರರೇ, ನಾನು ಮಂಗಳೂರಿನಲ್ಲಿ ಮನೋರೋಗ ವಿಭಾಗದ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ, ನಾನೂ ಕ್ರೈಸ್ತಳೇ. ಮೊದಲು ನಿಮ್ಮ ನೇರವಾದ ಪ್ರಶ್ನೆಗೆ ನೇರವಾದ ಉತ್ತರ: ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ.

ದೀರ್ಘಕಾಲ ಕುಡಿದವರ ಮಿದುಳು ಮದ್ಯವು ತರುವ ಮಂಪರಿಗೆ ಹೊಂದಿಕೊಂಡು, ತನ್ನನ್ನು ತಾನು ಸದಾ ಉದ್ರೇಕದ ಸ್ಥಿತಿಯಲ್ಲಿ ಇಟ್ಟುಕೊಂಡಿರುತ್ತದೆ. ಮದ್ಯವನ್ನು ಒಮ್ಮೆಲೇ ತೆಗೆದುಬಿಟ್ಟರೆ ಆ ಉದ್ರೇಕ ಮಾತ್ರ ಉಳಿಯುತ್ತದೆ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ಎದೆಬಡಿತ ಕಾಣಿಸಿಕೊಳ್ಳುತ್ತವೆ. 48 ಗಂಟೆಗಳೊಳಗೆ ಅಪಸ್ಮಾರದಂತಹ ಸೆಳೆತ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸುವ, ಸ್ಥಳಕಾಲಗಳ ಪರಿವೆ ತಪ್ಪುವ ಡಿಲಿರಿಯಮ್ ಟ್ರೆಮೆನ್ಸ್ ಎಂಬ ಸ್ಥಿತಿ ಉಂಟಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣಾಂತಿಕ. ಧ್ಯಾನಕೂಟಕ್ಕೆ ಹೋದ ಎರಡನೆಯ ದಿನ ಹೀಗಾದವರನ್ನು 'ಪಿಶಾಚಿ ಹಿಡಿದಿದೆ' ಎಂದು ಕೂಡಿಹಾಕಿ, ತಡವಾಗಿ ನಮ್ಮಲ್ಲಿಗೆ ಕರೆತಂದದ್ದನ್ನು ನಾನು ನೋಡಿದ್ದೇನೆ. ನೀವು ಮೊದಲು ಆಸ್ಪತ್ರೆಗೆ, ಆಮೇಲೆ ಧ್ಯಾನಕೂಟಕ್ಕೆ ಹೋದದ್ದು ಸರಿಯಾದ ಕ್ರಮ.

ಈಗ ನೀವು ಸೇವಿಸುತ್ತಿರುವುದು ಯಾವ ಮಾತ್ರೆ ಎಂದು ಬರೆದಿಲ್ಲ. ಥಯಾಮಿನ್, ಅಂದರೆ ವಿಟಮಿನ್ ಬಿ1, ಹೆಚ್ಚು ಕುಡಿದವರ ಮಿದುಳಿಗೆ ಶಾಶ್ವತ ಹಾನಿಯಾಗದಂತೆ ಕೊಡುವುದು. ನಾಲ್‌ಟ್ರೆಕ್ಸೋನ್ ಆಗಿದ್ದರೆ ಅದು ಕುಡಿತದಿಂದ ಸಿಗುವ ಸುಖವನ್ನು ತಗ್ಗಿಸಿ ಹಂಬಲವನ್ನು ಇಳಿಸುತ್ತದೆ. ಡೈಸಲ್ಫಿರಾಮ್ ಆಗಿದ್ದರೆ ವಿಷಯವೇ ಬೇರೆ: ಅದು ಹಂಬಲವನ್ನು ಕಡಿಮೆ ಮಾಡುವುದಿಲ್ಲ, ಅದರ ಮೇಲೆ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಜೀವಕ್ಕೇ ಅಪಾಯವಾಗಬಹುದು. ಮಾತ್ರೆ ನಿಲ್ಲಿಸಿದ ನಂತರವೂ ಎರಡು ವಾರಗಳವರೆಗೆ ಆ ಅಪಾಯವಿರುತ್ತದೆ. ಆದುದರಿಂದ ಚೀಟಿಯನ್ನು ತೆಗೆದು ಹೆಸರು ನೋಡಿ.

ಹಂಬಲ ಹೋಗದಿರುವುದು ವಿಶ್ವಾಸದ ಅಳತೆಯಲ್ಲ. ಸಂಜೆಯ ಹೊತ್ತು, ಹಸಿವು, ಒಂಟಿತನ, ಹಿಂದೆ ಕುಡಿಯುತ್ತಿದ್ದ ಸಮಯ, ಇವೆಲ್ಲ ಅದನ್ನು ಎಬ್ಬಿಸುತ್ತವೆ. ನೀವು ಜಪಮಾಲೆ ಹೇಳುವ ಹೊತ್ತೂ ಮೊದಲು ಕುಡಿಯುತ್ತಿದ್ದ ಹೊತ್ತೂ ಒಂದೇ ಆಗಿರಬಹುದೇ ಎಂದು ಯೋಚಿಸಿ ನೋಡಿ. ಹಾಗಿದ್ದರೆ ಊಟವನ್ನು ಮೊದಲು ಮುಗಿಸಿ ಆಮೇಲೆ ಪ್ರಾರ್ಥನೆಗೆ ಕುಳಿತುಕೊಳ್ಳಿ. ಹಂಬಲದ ಅಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಹಿರಿಯರ ಮಾತಿಗೆ ಹೇಳುವುದಾದರೆ, ಅಡಿಕೆಗೆ ಮಹಾಳಿ ಬಾರದಿರಲೆಂದು ಮಳೆಗಾಲಕ್ಕೆ ಮೊದಲು ಮದ್ದು ಬಿಡುವ ಯಾವ ಕೃಷಿಕನಿಗೂ ನಿನಗೆ ದೇವರ ಮೇಲೆ ಅರ್ಧ ವಿಶ್ವಾಸ ಎಂದು ಅವರು ಹೇಳಿರಲಾರರು. ನಮ್ಮ ಕ್ಯಾಥೋಲಿಕ್ ಬೈಬಲಿನ ಸಿರಾಕನ ಗ್ರಂಥದ 38ನೆಯ ಅಧ್ಯಾಯವು ವೈದ್ಯನನ್ನು ಗೌರವಿಸಬೇಕೆಂದೂ, ಮದ್ದುಗಳನ್ನು ಭೂಮಿಯಿಂದ ಉಂಟುಮಾಡಿದವರು ಸರ್ವೇಶ್ವರರೆಂದೂ, ಕಾಯಿಲೆ ಬಿದ್ದವನು ಪ್ರಾರ್ಥಿಸುವುದರ ಜೊತೆಗೆ ವೈದ್ಯನಿಗೂ ಸ್ಥಾನ ಕೊಡಬೇಕೆಂದೂ ಹೇಳುತ್ತದೆ. ಆ ಹಿರಿಯರಿಗೆ ಅದನ್ನು ತೋರಿಸಬಹುದು.

ರಾತ್ರಿ ಹೊತ್ತು ತೀರಾ ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರಕಾರಿ ಸೇವೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಉತ್ತರ: ಪ್ರಾರ್ಥನಾ ಬಳಗದ ಸದಸ್ಯ

ಮೇಲಿನ ಸಹೋದರಿಯ ಮಾತನ್ನು ಗೌರವಿಸುತ್ತೇನೆ. ಆದರೂ ನನ್ನ ಅನುಭವವನ್ನು ಮುಚ್ಚಿಡಲಾರೆ. ನಾನು ಯಾವ ಆಸ್ಪತ್ರೆಗೂ ಹೋಗಲಿಲ್ಲ. ಕೇರಳದ ಮುರಿಂಗೂರಿನ ಡಿವೈನ್ ಧ್ಯಾನಕೇಂದ್ರದಲ್ಲಿ ಕನ್ನಡ ಧ್ಯಾನಕೂಟಕ್ಕೆ ಕುಳಿತು ಅಳುತ್ತ ಪ್ರಾರ್ಥಿಸಿದೆ. ಹೊರಗೆ ಬಂದವನಿಗೆ ಮದ್ಯದ ವಾಸನೆಯೇ ಸೇರದಾಯಿತು. ಬೆತ್ಸಥಾ ಕೊಳದ ಬಳಿ 38 ವರ್ಷ ಮಲಗಿದ್ದ ರೋಗಿಯನ್ನು ಸ್ವಾಮಿಯು ಒಂದೇ ಮಾತಿನಿಂದ ಎಬ್ಬಿಸಲಿಲ್ಲವೇ? ದೇವರು ಮಾಡಬಲ್ಲರು ಎಂಬುದನ್ನು ಮಾತ್ರೆಯ ಚರ್ಚೆಯಲ್ಲಿ ಮರೆಯುವುದು ಬೇಡ.

ಉತ್ತರ: ಅನಾಮಿಕ, ಕಾಸರಗೋಡು

ನಾನು ಬಾಸೆಲ್ ಮಿಶನ್ ಪರಂಪರೆಯ ಸಿ.ಎಸ್.ಐ. ಎಂಬ ಪ್ರೊಟೆಸ್ಟಂಟ್ ಸಭೆಯವನು, ಹಲವು ವರ್ಷಗಳಿಂದ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘದ ಕೂಟಗಳಿಗೆ ಹೋಗುತ್ತಿರುವವನು. ಮೇಲಿನ ಸಹೋದರರ ಸಾಕ್ಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಕ್ಷಿಯ ವೇದಿಕೆಯಲ್ಲಿ ಒಂದು ತೊಡಕಿದೆ: ಬಿಟ್ಟವರ ಕೈಗೆ ಮೈಕು ಸಿಗುತ್ತದೆ, ಬಿಟ್ಟು ಮತ್ತೆ ಕುಡಿದವನನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಕೆಳಗೆ ಕುಳಿತವನಿಗೆ ಆಗ ಕ್ಷಣಮಾತ್ರದ ಬಿಡುಗಡೆಯೇ ನಿಯಮವೆಂದೂ ತಾನೊಬ್ಬನೇ ಅದಕ್ಕೆ ಹೊರತೆಂದೂ ಅನ್ನಿಸುತ್ತದೆ. ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳನ್ನು ತೆಗೆದುಬಿಡೆಂದು ಕರ್ತನನ್ನು ಮೂರು ಸಾರಿ ಬೇಡಿಕೊಂಡನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿದೆ. ಮುಳ್ಳು ಹೋಗಲಿಲ್ಲ, ಕೃಪೆಯೇ ಸಾಕು ಎಂಬ ಉತ್ತರ ಬಂತು. ಪೌಲನಿಗೆ ವಿಶ್ವಾಸ ಸಾಲದಾಗಿತ್ತು ಎಂದು ಯಾವ ಸಭೆಯೂ ಬೋಧಿಸುವುದಿಲ್ಲ.

ವರ್ಕಾಡಿಯ ಸಹೋದರರೇ, ನಿಮ್ಮ ಬರಹದಲ್ಲಿ ನನಗೆ ಒಂದು ಕೊರತೆ ಕಂಡಿತು. ಆಸ್ಪತ್ರೆಯಿದೆ, ಗುಡಿಯಷ್ಟೇ ಪವಿತ್ರವಾದ ಮನೆಯಿದೆ, ಜಪಮಾಲೆಯಿದೆ. ಆದರೆ ಕುಡಿತ ಬಿಡಲು ಹೆಣಗುತ್ತಿರುವ ಇನ್ನೊಬ್ಬ ಮನುಷ್ಯ ಎಲ್ಲಿಯೂ ಕಾಣಲಿಲ್ಲ. 1935ರಲ್ಲಿ ಅಮೆರಿಕದ ಓಹಾಯೋದ ಆಕ್ರನ್ ನಗರದಲ್ಲಿ ಈ ಸಂಘ ಹುಟ್ಟಿದ್ದೇ ಹಾಗೆ. ಕುಡಿತ ಬಿಟ್ಟಿದ್ದ ಒಬ್ಬ ಷೇರು ವ್ಯವಹಾರದವನಿಗೆ ಪರವೂರಿನಲ್ಲಿ ಹಂಬಲ ತಡೆಯಲಾರದಷ್ಟು ಬಂದಾಗ, ಅವನು ಇನ್ನೊಬ್ಬ ಕುಡುಕನನ್ನು ಹುಡುಕಿ, ಕುಡಿತಕ್ಕೆ ಸಿಲುಕಿದ್ದ ಒಬ್ಬ ವೈದ್ಯನನ್ನು ಕಂಡು ಗಂಟೆಗಟ್ಟಲೆ ಮಾತನಾಡಿದ. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಸಂಪರ್ಕದಲ್ಲಿದ್ದವರು. ತಪ್ಪೊಪ್ಪಿಗೆ, ಹಾನಿಯನ್ನು ಸರಿಪಡಿಸುವುದು, ಪ್ರಾರ್ಥನೆ ಎಂಬ ಹೆಜ್ಜೆಗಳೆಲ್ಲ ಅಲ್ಲಿಂದ ಬಂದವು. ಮುಂದೆ ಎಲ್ಲ ಮತದವರೂ ಬರುವಂತಾಗಲೆಂದು, ದೇವರನ್ನು ಅವರವರು ಅರಿತುಕೊಂಡಂತೆ ಎಂದು ಸೇರಿಸಿದರು. ಅದೇ ಕಾರಣಕ್ಕೆ ನಮ್ಮ ಸಭೆಯ ಕೆಲವರು ಇದನ್ನು ಸಂಶಯದಿಂದ ನೋಡುವುದುಂಟು. ನನಗೆ ಅದು ಅಡ್ಡಿಯಾಗಲಿಲ್ಲ. ಪಕ್ಕದಲ್ಲಿ ಕುಳಿತ ಹಿಂದೂ ಸ್ನೇಹಿತರೂ ಮುಸ್ಲಿಂ ಸ್ನೇಹಿತರೂ ತಮ್ಮ ದೇವರನ್ನು ಕರೆಯುವಾಗ ನಾನು ನನ್ನ ಕರ್ತನನ್ನು ಕರೆಯುತ್ತೇನೆ.

ಸಂಘದ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದರಲ್ಲಿ, ಮಾಡಿದ ತಪ್ಪುಗಳನ್ನು ದೇವರ ಮುಂದೆ, ತನ್ನ ಮುಂದೆ ಮತ್ತು ಇನ್ನೊಬ್ಬ ಮನುಷ್ಯನ ಮುಂದೆ ಒಪ್ಪಿಕೊಳ್ಳಬೇಕು. ಕ್ಯಾಥೋಲಿಕರಾದ ನಿಮಗೆ ಪಾಪನಿವೇದನೆಯಿರುವುದರಿಂದ ಇದು ಹೊಸದಲ್ಲ. ನಮ್ಮಲ್ಲಿ ಆ ಸಂಸ್ಕಾರ ಇಲ್ಲದುದರಿಂದ, ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರಿ ಎಂಬ ಯಾಕೋಬನ ಪತ್ರಿಕೆಯ ಮಾತನ್ನು ನಾನು ಕೂಟಕ್ಕೆ ಹೋಗುವವರೆಗೂ ಕೇಳಿ ಬಿಟ್ಟಿದ್ದೆನಷ್ಟೇ.

ಗಡಿಯವರಿಗೆ ಒಂದು ವಿಶೇಷ ಕಷ್ಟವೂ ಇದೆ. ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಂತಿತು, ಕರ್ನಾಟಕದಲ್ಲಿ 2007ರಲ್ಲಿ. ನಡುವಿನ ವರ್ಷಗಳಲ್ಲಿ ನಮ್ಮಂಥವರಿಗೆ ಗಡಿಯೇ ಅನುಕೂಲವಾಗಿತ್ತು. ಇಂದಿಗೂ ತಿಂಗಳ ಒಂದನೇ ತಾರೀಕಿಗೆ ಇಲ್ಲಿನ ಮದ್ಯದಂಗಡಿಗಳು ಮುಚ್ಚಿದರೆ ತಲಪಾಡಿಯಾಚೆ, ಕರ್ನಾಟಕದಲ್ಲಿ, ತೆರೆದಿರುತ್ತವೆ. ಚಿಕಿತ್ಸೆಗೆ ಬಂದಾಗ ಮಾತ್ರ ಅದೇ ಗಡಿ ಗೋಡೆಯಾಗುತ್ತದೆ. ಕೇರಳ ಸರಕಾರದ 'ವಿಮುಕ್ತಿ' ಎಂಬ ವ್ಯಸನಮುಕ್ತಿ ಯೋಜನೆಯಿದೆ, ಅದನ್ನು ಖಂಡಿತ ವಿಚಾರಿಸಿ; ಆದರೆ ಜಿಲ್ಲೆಯ ತೆಂಕಿಗೆ ಹೋದಷ್ಟೂ ಆಪ್ತಸಮಾಲೋಚನೆ ನಡೆಯುವುದು ಮಲೆಯಾಳದಲ್ಲಿ. ವ್ಯವಹಾರಕ್ಕೆ ಮಲೆಯಾಳ ಸಾಕಾಗುವವನಿಗೂ ತನ್ನ ಅವಮಾನವನ್ನು ಹೇಳಿಕೊಳ್ಳಲು ಅದು ಸಾಕಾಗುವುದಿಲ್ಲ. ನಿಮಗೆ ಮಂಗಳೂರು ಹತ್ತಿರವಾದುದರಿಂದ, ಅಲ್ಲಿಯ ಕೂಟಗಳಿಗೆ ಹೋಗುವುದು ಒಳಿತು; ಕನ್ನಡ, ತುಳು, ಕೊಂಕಣಿ ಯಾವುದರಲ್ಲಿ ಮಾತನಾಡಿದರೂ ಕೇಳುವ ಕಿವಿಗಳಿರುತ್ತವೆ. ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವದ ಅರ್ಹತೆ.

ಉತ್ತರ: ಕುಂಬಳೆಯ ಗೃಹಿಣಿ

ಇಲ್ಲಿ ಬರೆದವರೆಲ್ಲ ಕುಡಿದವರ ಆತ್ಮದ ಬಗ್ಗೆ ಬರೆದಿದ್ದೀರಿ. ಜೊತೆಯಲ್ಲಿ ಬದುಕಿದವರ ಪರವಾಗಿ ನಾಲ್ಕು ಮಾತು ಬರೆಯಲು ಅನುಮತಿಯಿರಲಿ.

ನನ್ನ ಯಜಮಾನರು ಪ್ರತಿ ಧ್ಯಾನಕೂಟದಿಂದ ಹಿಂದಿರುಗಿದಾಗಲೂ ದೇವರು ಕ್ಷಮಿಸಿದ್ದಾರೆ, ನೀನೂ ಕ್ಷಮಿಸು ಎನ್ನುತ್ತಿದ್ದರು. ಏಳೆಪ್ಪತ್ತು ಸಲ ಕ್ಷಮಿಸಬೇಕೆಂಬ ವಾಕ್ಯವನ್ನು ಅತ್ತೆಯವರೂ ನನಗೆ ನೆನಪಿಸುತ್ತಿದ್ದರು. ಅಡವಿಟ್ಟ ಕರಿಮಣಿಯ ಬಗ್ಗೆಯಾಗಲಿ, ಸೊಸೈಟಿಯ ಸಾಲದ ಬಗ್ಗೆಯಾಗಲಿ ಮಾತೆತ್ತಿದರೆ ನನಗೆ ವಿಶ್ವಾಸವಿಲ್ಲ ಎಂಬ ಆಪಾದನೆ. ದೇವರು ಕ್ಷಮಿಸಿದ್ದು ನಿಜವೇ ಇರಬಹುದು; ಆದರೆ ಸಾಲದ ನೋಟೀಸು ಬರುತ್ತಿದ್ದುದು ನಮ್ಮ ಮನೆಗೆ. ಸುಂಕದವನಾದ ಜಕ್ಕಾಯನ ಮನೆಗೆ ಯೇಸುಸ್ವಾಮಿ ಬಂದಾಗ ಅವನು ಕಣ್ಣೀರು ಹಾಕಿದನೆಂದು ಶುಭಸಂದೇಶದಲ್ಲಿಲ್ಲ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಲೆಕ್ಕ ಹೇಳಿದ್ದು ಇದೆ.

ನಮ್ಮ ಮನೆಯಲ್ಲಿ ಪರಿಸ್ಥಿತಿ ಸುಧಾರಿಸಲಾರಂಭಿಸಿದ್ದು ಅವರು ಜೋರಾಗಿ ಪ್ರಾರ್ಥಿಸಿದ ದಿನಗಳಲ್ಲಲ್ಲ. ಬೆಳಗ್ಗೆ ಚಹಾದೊಂದಿಗೆ ಮಾತ್ರೆಯನ್ನು ನನ್ನ ಎದುರಿಗೇ ನುಂಗಿ, ಅಡಿಕೆ ಮಾರಿದ ಹಣವನ್ನು ನನ್ನ ಕೈಗೆ ಕೊಡಲು ಒಪ್ಪಿಕೊಂಡ ಮೇಲೆ. ಆ ಮಾತ್ರೆಯನ್ನು ವಿಶ್ವಾಸದ ಕೊರತೆ ಎನ್ನುವವರು ನಮ್ಮ ಮನೆಯಲ್ಲಿ ಒಂದು ರಾತ್ರಿ ಕಳೆದು ನೋಡಬೇಕಿತ್ತು. ನಿಮ್ಮ ಪತ್ನಿಯವರಿಗೂ ಹೇಳಿ: ಕುಡಿಯುವವರ ಮನೆಯವರಿಗಾಗಿ ಆಲ್-ಅನಾನ್ ಎಂಬ ಪ್ರತ್ಯೇಕ ಕೂಟಗಳು 1951ರಿಂದ ಇವೆ. ಗಂಡ ಬಿಟ್ಟರೂ ಬಿಡದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.

ಉತ್ತರ: ನಿವೃತ್ತ ಅಧ್ಯಾಪಕ, ಬೇಳ

ಕುಂಬಳೆಯ ಸಹೋದರಿ ಬರೆದುದಕ್ಕೆ ನನ್ನ ಪೂರ್ಣ ಸಹಮತವಿದೆ. ಕ್ರೈಸ್ತ ಶಿಕ್ಷಣದ ತರಗತಿಗಳನ್ನು ಬಹುಕಾಲ ನಡೆಸಿದವನಾಗಿ, ಧರ್ಮಸಭೆಯ ಬೋಧನೆಗೆ ಸಂಬಂಧಿಸಿದ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ನಮ್ಮ ಸಂತರಲ್ಲಿ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಎಂಬ ಚೀನಾದ ವೈದ್ಯರೊಬ್ಬರಿದ್ದಾರೆ. ಹೊಟ್ಟೆಯ ಕಾಯಿಲೆಗೆಂದು ತಾವೇ ಅಫೀಮು ಸೇವಿಸಲು ಹೋಗಿ ಅದಕ್ಕೆ ದಾಸರಾದರು. ಪದೇ ಪದೇ ಪಾಪನಿವೇದನೆಗೆ ಬರುತ್ತಿದ್ದುದನ್ನು ಕಂಡ ಗುರುಗಳು (ಪಾದ್ರಿಗಳು), ಇವರಿಗೆ ನಿಜವಾದ ಪಶ್ಚಾತ್ತಾಪವಿಲ್ಲವೆಂದು ಭಾವಿಸಿ ಸಂಸ್ಕಾರಗಳನ್ನು ನಿರಾಕರಿಸಿದರು. ಸುಮಾರು ಮೂವತ್ತು ವರ್ಷ ಪರಮಪ್ರಸಾದವಿಲ್ಲದೆಯೂ ಅವರು ದೇವಾಲಯವನ್ನು ಬಿಡಲಿಲ್ಲ. ಅಫೀಮಿನ ಚಟವೂ ಅವರನ್ನು ಬಿಟ್ಟಿರಲಿಲ್ಲ. ವಿದೇಶಿಯರ ಮತ್ತು ಕ್ರೈಸ್ತರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯಲ್ಲಿ ವಿಶ್ವಾಸಕ್ಕಾಗಿ ಕುಟುಂಬ ಸಮೇತ ಪ್ರಾಣಕೊಟ್ಟರು. 2000ನೆಯ ಇಸವಿಯ ಅಕ್ಟೋಬರ್ 1ರಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಚೀನಾದ ಇತರ ಹುತಾತ್ಮರೊಂದಿಗೆ ಅವರನ್ನೂ ಸಂತರೆಂದು ಘೋಷಿಸಿದರು. ಹಂಬಲ ಹೋಗದವನಿಗೆ ವಿಶ್ವಾಸವಿಲ್ಲ ಎನ್ನುವುದಾದರೆ ಈ ಸಂತರನ್ನು ಎಲ್ಲಿ ಕೂರಿಸುವುದು? ಅವರ ಗುರುಗಳನ್ನು ಇಂದು ದೂರುವುದರಲ್ಲಿ ಅರ್ಥವಿಲ್ಲ. ವ್ಯಸನವು ಕಾಯಿಲೆಯೂ ಹೌದೆಂಬುದು ಅಂದು ತಿಳಿದಿರಲಿಲ್ಲ. ಈಗ ನಮ್ಮ ಧರ್ಮೋಪದೇಶ ಗ್ರಂಥದ 1735ನೆಯ ಪರಿಚ್ಛೇದವೇ, ಅಭ್ಯಾಸಬಲ, ಭಯ, ಮಾನಸಿಕ ಕಾರಣಗಳು ಕೃತ್ಯದ ಹೊಣೆಯನ್ನು ತಗ್ಗಿಸಬಲ್ಲವು ಎನ್ನುತ್ತದೆ. ಹೊಣೆಯೇ ಇಲ್ಲವೆಂದು ಅದರ ಅರ್ಥವಲ್ಲ. ಸಾಲದ ವಿಷಯದಲ್ಲಿ ಸಹೋದರಿ ಹೇಳಿದ್ದು ಹಾಗೆಯೇ ನಿಲ್ಲುತ್ತದೆ.

ಪರಮಪ್ರಸಾದದ ಬಗ್ಗೆ ಚಿಂತೆ ಬೇಡ. ಅಪ್ಪವೊಂದರಲ್ಲಿಯೇ ಕ್ರಿಸ್ತರು ಪೂರ್ಣವಾಗಿ ಇದ್ದಾರೆಂಬುದು ಧರ್ಮಸಭೆಯ ಬೋಧನೆ. ಅದ್ದದ ಅಪ್ಪವನ್ನು ಸ್ವೀಕರಿಸಿದರೆ ಏನೂ ಕಡಿಮೆಯಾಗುವುದಿಲ್ಲ. ಮದ್ಯವ್ಯಸನವುಳ್ಳ ಗುರುಗಳೇ ಅನುಮತಿ ಪಡೆದು, ಹುದುಗು ಪೂರ್ಣವಾಗದ ದ್ರಾಕ್ಷಿರಸದಿಂದ ಬಲಿಪೂಜೆ ಅರ್ಪಿಸಬಹುದು. ಹಿಂದಿನ ದಿನವೇ ಚರ್ಚಿನ ವಿಗಾರರಿಗೆ ಒಂದು ಮಾತು ತಿಳಿಸಿಬಿಡಿ. ಗುಂಪಿನಲ್ಲಿ ವಿವರಿಸಬೇಕಾಗಿ ಬರುವುದಿಲ್ಲ.

ರೋಸ್ ಕುರಿತು: ಸೋದರಮಾವನ ಕೆಲಸವಿರುವುದು ಶಾಸ್ತ್ರದಲ್ಲಿ, ಶಾಮಿಯಾನದ ಹಿಂದಿನ ಮೇಜಿನಲ್ಲಲ್ಲ. ಅಕ್ಕನಿಗೂ ಭಾವನಿಗೂ ಮೊದಲೇ ವಿಷಯ ತಿಳಿಸಿ. ವಾರ್ಡಿನ ಮುಖಂಡರಾದ ಗುರ್ಕಾರರು ನಂಬಿಕಸ್ಥರಾಗಿದ್ದರೆ ಅವರಿಗೂ. ವೊವಿಯೊ ಎಂಬ ಮದುವೆಹಾಡು ಹಾಡಿ, ಹಾಲು ಹಚ್ಚಿ, ಊಟದ ಮೊದಲ ಪಂಕ್ತಿಯಲ್ಲಿ ಕುಳಿತು ಹೊರಟುಬಿಡಿ. ನಿಮ್ಮದೇ ವಾಹನವಿರಲಿ, ಇನ್ನೊಬ್ಬರ ಕಾರಿಗಾಗಿ ಕಾಯುತ್ತ ನಿಲ್ಲುವ ಆ ಒಂದು ಗಂಟೆ ಅಪಾಯದ್ದು. ಕೈಯಲ್ಲಿ ನೀವೇ ಸುರಿದುಕೊಂಡ ಪಾನೀಯವಿರಲಿ, ಕೆಳಗಿಟ್ಟು ಹೋದ ಲೋಟವನ್ನು ಮತ್ತೆ ಎತ್ತಬೇಡಿ. ಮರುದಿನ ಸಭಾಂಗಣದಲ್ಲಿ ಟೋಸ್ಟ್ ಏಳುವಾಗ ದ್ರಾಕ್ಷಿಯ ಜ್ಯೂಸು ಹಿಡಿದರೂ ಮದುಮಗಳಿಗೆ ಹಾರೈಕೆ ತಲುಪುತ್ತದೆ. ಒತ್ತಾಯ ಮಾಡುವವರು ಇದ್ದೇ ಇರುತ್ತಾರೆ; ಅವರೊಂದಿಗೆ ವಾದಕ್ಕಿಳಿಯದೆ, ವೈದ್ಯರು ಬೇಡವೆಂದಿದ್ದಾರೆ ಎಂದಷ್ಟೇ ಹೇಳಿ. ನಮ್ಮವರು ಧರ್ಮಕ್ಕಿಂತ ಡಾಕ್ಟರಿಗೆ ಹೆಚ್ಚು ಹೆದರುತ್ತಾರೆ.

ವರ್ಕಾಡಿಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಚೀಟಿಯನ್ನು ನೋಡಿದೆ, ಡೈಸಲ್ಫಿರಾಮ್ ಎಂದೇ ಬರೆದಿದೆ, ನಿಲ್ಲಿಸುವುದಿಲ್ಲ. ಅನಾಮಿಕರೇ, ಮಂಗಳೂರಿನ ಕೂಟಕ್ಕೆ ಮೊದಲ ಸಲ ನಿಮ್ಮೊಂದಿಗೆ ಬರಬಹುದೇ? ನನ್ನ ಪತ್ನಿ ಕುಂಬಳೆಯ ಸಹೋದರಿಯ ಉತ್ತರವನ್ನು ಓದಿ, ಏನೂ ಹೇಳದೆ ಬ್ಯಾಂಕಿನ ಪಾಸ್‌ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟಿದ್ದಾಳೆ. ಶುಶ್ರೂಷಕಿಯವರಲ್ಲಿ ಇನ್ನೊಂದು ಪ್ರಶ್ನೆ: ಅಮ್ಮ ಜೀರ್ಣಕ್ಕೆಂದು ನನಗೂ ದಿನಾ ಅರಿಷ್ಟ ಕೊಡುತ್ತಾರೆ. ತೊಂದರೆಯಿದೆಯೇ?

ಶುಶ್ರೂಷಕಿ, ಉಪ್ಪಳ

ಇದೆ, ಇಂದಿನಿಂದಲೇ ಬೇಡ. ಅರಿಷ್ಟ ಮತ್ತು ಆಸವಗಳಲ್ಲಿ ಹುದುಗುವಿಕೆಯಿಂದಲೇ ಮದ್ಯಾಂಶ ಉಂಟಾಗಿರುತ್ತದೆ. ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿಯೂ, ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕ್ರಿಸ್ಮಸ್ ಕೇಕಿನಲ್ಲಿಯೂ ಇರುತ್ತದೆ. ಇದುವರೆಗೆ ಕುಡಿದ ಅರಿಷ್ಟದಿಂದ ಮುಖ ಬಿಸಿಯಾಗುವುದು, ಎದೆ ಬಡಿದುಕೊಳ್ಳುವುದು ಆಗಿದ್ದರೆ ವೈದ್ಯರಿಗೆ ತಿಳಿಸಿ, ಮುಂದಿನ ತಪಾಸಣೆಗೆ ಹೋಗುವಾಗ ಆ ಬಾಟಲಿಯನ್ನು ಜೊತೆಗೆ ಕೊಂಡೊಯ್ಯಿರಿ.